ಹರಳು ಕಟ್ಟದ ಮೂರು ದಿನ

ಕಂಪನಿಗೆ ಐವತ್ತು ವರ್ಷ ತುಂಬುತ್ತಿದೆ, ಅದರ ಚರಿತ್ರೆಯನ್ನು ಒಂದು ಚಿಕ್ಕ ಪುಸ್ತಕವಾಗಿ ಬರೆದುಕೊಡಿ ಎಂದು ಚಿಕ್ಕ ಯಜಮಾನರು ಕೇಳಿದಾಗ ನಾನು ಎರಡು ಸಲ ಹೇಳಿಸಿಕೊಳ್ಳದೆ ಒಪ್ಪಿಕೊಂಡೆ. ನಿವೃತ್ತನಾದ ಮೇಷ್ಟ್ರಿಗೆ ಬರೆಯುವ ಕೆಲಸ ಸಿಕ್ಕಿದರೆ ಕೇಳಬೇಕೆ? ಎರಡು ಕಪಾಟು ತುಂಬುವಷ್ಟು ಕಡತಗಳನ್ನು ತಂದು ನನ್ನ ಮುಂದೆ ಪೇರಿಸಿದರು. ಯಂತ್ರಗಳ ವಿವರ, ಗಂಧಕದ ಮೂಟೆಗಳ ವಿವರ, ಬಾಯ್ಲರ್ ತಪಾಸಣೆಯ ಪತ್ರಗಳು, ಎಲ್ಲವನ್ನೂ ಓದಿದೆ. ಅಷ್ಟು ಕಾಗದಗಳಲ್ಲಿ ಹರಳಕ್ಕನ ಪ್ರಸ್ತಾಪ ಸಿಕ್ಕಿದ್ದು ಒಂದೇ ಒಂದು ಕಡೆ, ರಬ್ಬರ್ ಬೂಟು ಪಡೆದವರ ಪಟ್ಟಿಯಲ್ಲಿ: ಒಂದು ಜೊತೆ, ಅಳತೆ ಐದು.

ಹರಳಕ್ಕ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಏಳನೆಯ ತರಗತಿಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಕರಿಹಲಗೆ ಒರೆಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒದ್ದೆ ಬಟ್ಟೆ ತಂದು, ಮೂಲೆ ಮೂಲೆ ತಿಕ್ಕಿ, ಸೀಮೆಸುಣ್ಣ ಎಂಬುದು ಈ ಲೋಕದಲ್ಲಿ ಹುಟ್ಟಿಯೇ ಇಲ್ಲವೇನೋ ಎನ್ನುವಂತೆ ಒರೆಸುವಳು. ಆಮೇಲೆ ಹಲಗೆ ಒಣಗುವವರೆಗೆ ನಾನು ಪಾಠ ನಿಲ್ಲಿಸಿ ಕಥೆ ಹೇಳಬೇಕು. ತರಗತಿಗೆ ಅವಳು ಅಚ್ಚುಮೆಚ್ಚಾಗಿದ್ದುದು ಈ ಕಾರಣಕ್ಕೇ ಎಂದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಮದುವೆಯಾದ ಮೇಲೆ ಅವಳು ಆ ಕಾರ್ಖಾನೆಗೆ ಮೂಟೆ ಹೊಲಿಯುವ ಕೆಲಸಕ್ಕೆ ಸೇರಿದಳು. ಅಲ್ಲಿ ತಯಾರಾಗುವುದು ಹೈಪೋ. ಹಿಂದಿನ ಕಾಲದ ಫೋಟೋ ಸ್ಟುಡಿಯೋಗಳಲ್ಲಿ ಕತ್ತಲೆ ಕೋಣೆಯ ಕೆಲಸವಾದ ಮೇಲೆ ಚಿತ್ರವನ್ನು ಒಂದು ನೀರಿನಲ್ಲಿ ಅದ್ದುತ್ತಿದ್ದರಲ್ಲ, ಬೆಳಕಿಗೆ ತಂದರೂ ಚಿತ್ರ ಕಪ್ಪಾಗದೆ ನಿಲ್ಲಲಿ ಎಂದು? ಆ ನೀರಿಗೆ ಹಾಕುವ, ಕಲ್ಲುಸಕ್ಕರೆಯಂಥ ಬಿಳಿ ಹರಳೇ ಹೈಪೋ.

ಕಂಪನಿ ಹುಟ್ಟಿದ್ದೇ ಒಬ್ಬ ಸ್ಟುಡಿಯೋದವರ ಗೊಣಗಾಟದಿಂದ. ದೊಡ್ಡ ಯಜಮಾನರು ಆಗ ಔಷಧದ ಅಂಗಡಿಯಲ್ಲಿ ಗುಮಾಸ್ತರು. ಪೇಟೆಬೀದಿಯ ಸ್ಟುಡಿಯೋದವರು ಪ್ರತಿ ವಾರ ಬಂದು, "ಎಲ್ಲಿಂದಲೋ ತರಿಸ್ತೀರಿ, ಬರೋಷ್ಟರಲ್ಲಿ ಅರ್ಧ ನೀರಾಗಿರುತ್ತೆ. ಒಂದು ಹಿಡಿ ಒಣ ಹೈಪೋ ಕೊಡೋ ಗಂಡಸು ಈ ಊರಲ್ಲಿ ಇಲ್ವೇ?" ಎಂದು ರೇಗುತ್ತಿದ್ದರಂತೆ. ಗುಮಾಸ್ತರಿಗೆ ಅದು ನಾಟಿತು. ಹಿತ್ತಿಲಲ್ಲಿ ಎರಡು ಪೀಪಾಯಿ ಇಟ್ಟು ಶುರು ಮಾಡಿದರು. ಗಂಧಕ ಸುಟ್ಟು, ಅದರ ಹೊಗೆಯನ್ನು ಸೋಡಾ ಕರಗಿಸಿದ ನೀರಿಗೆ ಕುಡಿಸಿ, ಮತ್ತೆ ಗಂಧಕ ಹಾಕಿ ಕುದಿಸುವುದು. ಅಕ್ಕಪಕ್ಕದ ನಾಲ್ಕು ಮನೆಯವರು ಕೆಮ್ಮಿ ಕೆಮ್ಮಿ ಸುಸ್ತಾಗಿ ಜಗಳಕ್ಕೆ ನಿಂತಾಗ, ಪೀಪಾಯಿಗಳು ಊರ ಹೊರಗಿನ ಕಾಲುವೆಯ ದಂಡೆಗೆ ಹೋದವು. ಅಲ್ಲಿ ಮರದ ತೊಲೆ, ತಗಡಿನ ಸೂರು, ಒಳಗೆ ಸೀಸದ ಹಾಳೆ ಹೊದೆಸಿದ ಏಳು ಮರದ ತೊಟ್ಟಿಗಳು. ಮೊದಲ ಸೀಸೆಯನ್ನು ಕೊಂಡವರು ಆ ಸ್ಟುಡಿಯೋದವರೇ. "ಇದರಲ್ಲಿ ಮರಳಿದೆ" ಎಂದರಂತೆ. ಆಮೇಲೆ ನಲವತ್ತು ವರ್ಷವೂ ಹಾಗೆಯೇ ಅನ್ನುತ್ತಾ ಕೊಂಡರು.

ಕುದಿಸುವುದೆಲ್ಲ ಗಂಡಸರದು. ಹರಳು ಕಟ್ಟಿಸುವುದು ಹೆಂಗಸರದು. ಕುದಿದು ಸೋಸಿದ ನೀರು ತೊಟ್ಟಿಗೆ ಬಂದು ತಣ್ಣಗಾಗಬೇಕು. ತಣ್ಣಗಾಗುತ್ತಾ ಹರಳು ಬಿಡಬೇಕು. ಆ ಹರಳನ್ನು ದೋಣಿಗಿರುವಂಥ ಮರದ ಹುಟ್ಟಿನಿಂದ ಕೆದಕಿ, ಗಿರಗಿರನೆ ತಿರುಗುವ ಡ್ರಮ್ಮಿಗೆ ಹಾಕಿ, ಅಂಟಿದ ನೀರನ್ನು ಹೊರಕ್ಕೆ ಚಿಮ್ಮಿಸಿ, ಒಣಗಿಸಿ, ಮೂಟೆ ಕಟ್ಟಬೇಕು. ಮೂಟೆ ಹೊಲಿಯುತ್ತಾ ಕೂತಿದ್ದ ನಮ್ಮ ಹುಡುಗಿ ಒಂದು ಸಂಗತಿಯನ್ನು ಕಂಡುಹಿಡಿದಳು. ಹರಳು ಕಣ್ಣಿಗೆ ಕಾಣುವ ಮೊದಲೇ ತೊಟ್ಟಿ ಬೆಚ್ಚಗಾಗುತ್ತದೆ! ತಣ್ಣಗಾಗಿದ್ದ ತೊಟ್ಟಿ ಇದ್ದಕ್ಕಿದ್ದಂತೆ ಮೈಬಿಸಿಯಾಯಿತೆಂದರೆ ಒಳಗೆ ಹರಳು ಕಟ್ಟತೊಡಗಿತೆಂದು ಅರ್ಥ. ಆ ಕ್ಷಣದಲ್ಲಿ ಮೆಲ್ಲಗೆ ಹುಟ್ಟು ಹಾಕಿದರೆ ಸಕ್ಕರೆಯಂತೆ ಒಂದೇ ಸಮನಾದ ಹರಳು. ತಡಮಾಡಿದರೆ ಬಂಡೆಯಾಗಿ ಕೂರುತ್ತದೆ, ಹಾರೆಯಲ್ಲಿ ಒಡೆಯಬೇಕು. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅವಳು ತೊಟ್ಟಿಯ ಮಗ್ಗುಲಿಗೆ ಅಂಗೈ ಇಟ್ಟು, "ಮೂರನೇದಕ್ಕೆ ಜ್ವರ ಬಂತು, ಬನ್ರೇ!" ಎಂದು ಕೂಗುವಳು. ದೊಡ್ಡ ಯಜಮಾನರು ಅದನ್ನು ಕಂಡು ಅವಳ ಕೈಯಿಂದ ಸೂಜಿಯನ್ನು ತೆಗೆಸಿ ಹುಟ್ಟನ್ನು ಕೊಟ್ಟರು. ಅಂದಿನಿಂದ ಅವಳು ಹರಳಕ್ಕ. ಈಗ ಅವಳ ಕೈಕೆಳಗೆ ಹದಿನಾಲ್ಕು ಹೆಂಗಸರು, ಅವರಲ್ಲಿ ಅವಳ ನಾದಿನಿಯೂ ಒಬ್ಬಳು.

ಈ ನಾದಿನಿಯ ನಾಲಿಗೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಡ್ರಮ್ಮು ತಿರುಗಿಸುವುದು ಅವಳ ಕೆಲಸ. ಡ್ರಮ್ಮು ನಿಂತರೂ ಅವಳ ಬಾಯಿ ನಿಲ್ಲುವುದಿಲ್ಲ.

ಕ್ಯಾಮೆರಾಗಳು ಬದಲಾದವು, ಸ್ಟುಡಿಯೋಗಳಿಗೆ ಹೈಪೋ ಬೇಡವಾಯಿತು. ಆದರೆ ಬಟ್ಟೆ ಗಿರಣಿಗಳಿಗೆ, ನೀರು ಶುದ್ಧ ಮಾಡುವವರಿಗೆ ಬೇಕಾಯಿತು. ಕಂಪನಿ ಕುಗ್ಗುವ ಬದಲು ಬೆಳೆಯಿತು. ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಮಗ ಹೊಸ ಶೆಡ್ಡು ಕಟ್ಟಿಸಿದರು. ಬಿಳಿ ಟೈಲ್ಸಿನ ಗೋಡೆ, ಹೊಳೆಯುವ ಸ್ಟೀಲಿನ ಏಳು ತೊಟ್ಟಿ, ಎತ್ತರದ ಕಿಟಕಿಗಳು. ಹಳೆಯದನ್ನು ಕೆಡವಿ ಸಾಮಾನೆಲ್ಲ ಸಾಗಿಸುವ ಮೊದಲು ತೊಳೆಯುವ ಜವಾಬ್ದಾರಿ ಹರಳಕ್ಕನದು. ಅವಳಿಗೆ ಆ ಮಾತು ಹೇಳುವುದೆಂದರೆ! ಹುಟ್ಟು, ಬಕೆಟ್ಟು, ಹಗ್ಗ, ಡ್ರಮ್ಮು, ಎಲ್ಲವನ್ನೂ ಕುದಿಯುವ ನೀರಿನಲ್ಲಿ ತೊಳೆಸಿದಳು. ಹದಿನಾಲ್ಕು ಜನರ ಏಪ್ರನ್ನುಗಳನ್ನು ತೊಳೆಸಿದಳು. ಬೂಟಿನ ಅಡಿಯನ್ನು ಬ್ರಷ್ಷಿನಿಂದ ತಿಕ್ಕಿಸಿದಳು. ಕೊನೆಯ ಮೂಟೆ ಲಾರಿ ಹತ್ತಿದ ಕೂಡಲೇ ಉಗ್ರಾಣವನ್ನೂ ಗುಡಿಸಿ ಒರೆಸಿದಳು. ಕೆಮಿಸ್ಟರ ಕಪಾಟಿನಲ್ಲಿ ವರ್ಷಗಟ್ಟಲೆ ಧೂಳು ಹಿಡಿದಿದ್ದ ಮಾದರಿಯ ಸೀಸೆಗಳನ್ನು ಕೂಡ ಬಿಡಲಿಲ್ಲ.

ಹೊಸ ಶೆಡ್ಡಿನ ಮೊದಲ ದಿನ ನಾನೂ ಹೋಗಿದ್ದೆ, ಚರಿತ್ರೆಗೆ ಒಂದು ಅಧ್ಯಾಯ ಸಿಕ್ಕೀತೆಂದು. ಬಿಸಿನೀರು ಏಳು ತೊಟ್ಟಿಗೆ ಬಂತು. ಸಂಜೆಗೆ ತಣ್ಣಗಾಯಿತು. ಹರಳಕ್ಕ ಅಂಗೈ ಇಟ್ಟಳು. ತಣ್ಣಗೇ ಇತ್ತು. ಮರುದಿನ ಬೆಳಿಗ್ಗೆಯೂ ತಣ್ಣಗೆ. ಒಳಗೆ ನೋಡಿದರೆ ಎಣ್ಣೆಯಂತೆ ಮಂದವಾದ, ಗಾಜಿನಂತೆ ತಿಳಿಯಾದ ನೀರು. ತಳದ ಬೋಲ್ಟು ಕಾಣುತ್ತಿತ್ತು, ಹರಳು ಮಾತ್ರ ಒಂದೂ ಇರಲಿಲ್ಲ.

ಚಿಕ್ಕ ಯಜಮಾನರು ಕೆಟ್ಟವರಲ್ಲ, ಆತುರದವರು. ಕೆಮಿಸ್ಟರು ನೀರಿನ ಸಾಂದ್ರತೆಯನ್ನು ಮೂರು ಸಲ ಅಳೆದು, "ಎಲ್ಲಾ ಸರಿಯಾಗಿದೆ ಸಾರ್. ಬಹುಶಃ ತೊಳೆದಾಗ ಸೋಪು ಉಳಿದಿರಬೇಕು" ಎಂದುಬಿಟ್ಟರು. ಆ ಕೆಮಿಸ್ಟರು ಬಂದು ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಬಣ್ಣದ ಕಂಪನಿಯಲ್ಲಿ ಇದ್ದವರು.

"ಸೋಪು ಮುಟ್ಟಿಲ್ಲ ನಾನು. ಬರೀ ಬಿಸಿನೀರು," ಎಂದಳು ಹರಳಕ್ಕ.

"ಹಾಗಾದ್ರೆ ಏನಕ್ಕ ಇದು?" ಎಂದರು ಚಿಕ್ಕ ಯಜಮಾನರು. "ಹೊಸ ತೊಟ್ಟಿ ನಿಮಗೆ ಒಗ್ಗಲಿಲ್ಲ ಅನ್ಸುತ್ತೆ. ಕಂತ್ರಾಟಿನವರೊಬ್ಬರು ಇದ್ದಾರೆ, ಅವರದೇ ಜನ, ಅವರದೇ ಯಂತ್ರ. ನಾಳೆ ಸಂಜೆ ನಾಲ್ಕು ಗಂಟೆವರೆಗೆ ನೋಡ್ತೀನಿ. ಒಂದು ತೊಟ್ಟಿಯಲ್ಲಾದರೂ ಹರಳು ಕಾಣ್ಲಿಲ್ಲ ಅಂದ್ರೆ ಅವರಿಗೆ ಫೋನ್ ಮಾಡ್ತೀನಿ. ನಿಮ್ಮನ್ನ ನಾನು ಬಿಡಲ್ಲ, ಗೇಟಿನ ಹತ್ರ ಏನಾದ್ರೂ ಕೆಲಸ ಕೊಡ್ತೀನಿ. ಉಳಿದವರಿಗೆ ಮಾತ್ರ ಕಷ್ಟ."

ಉಳಿದವರು ಎಂದರೆ ಹದಿನಾಲ್ಕು ಜನ. ಹರಳಕ್ಕ ಹೋಗಿ ಒಂದೊಂದು ತೊಟ್ಟಿಗೂ ಮತ್ತೊಮ್ಮೆ ಅಂಗೈ ಇಟ್ಟು ಬಂದಳು.

ಮೂರನೆಯ ದಿನ ಮಂಜುಗಡ್ಡೆ ತರಿಸಿ ತೊಟ್ಟಿಗಳ ಸುತ್ತ ಪೇರಿಸಿದರು. ನೀರು ಇನ್ನಷ್ಟು ಮಂದವಾಯಿತೇ ಹೊರತು ಹರಳು ಬಿಡಲಿಲ್ಲ. ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಹೆಂಗಸರು ತೊಟ್ಟಿಗಳ ನಡುವೆ ಡಬ್ಬಿ ಬಿಚ್ಚಿ ಕೂತರು. ಯಾರಿಗೂ ಮಾತು ಬೇಡ. ನಾದಿನಿಗೆ ಮಾತ್ರ ಬೇಕು.

"ಒಂದು ಸುಖ ನೋಡು ಅತ್ತಿಗೆ. ಕೆಲಸ ಹೋದ್ರೂ ಒಂದು ಊಟ ನೆಮ್ಮದಿಯಾಗಿ ಮಾಡಿದೆ. ಹಳೇ ಶೆಡ್ಡಲ್ಲಿ ಡಬ್ಬಿ ತೆಗೆದ ಕೂಡ್ಲೇ ತೊಲೆ ಮೇಲಿಂದ ಹೈಪೋ ಉದುರೋದು. ಮುಚ್ಚಳ ಅರ್ಧ ಮುಚ್ಕೊಂಡೇ ತಿಂತಿದ್ವಿ, ಕಳ್ಳರ ಹಾಗೆ."

ಹರಳಕ್ಕನ ಕೈ ಬಾಯಿಯ ಹತ್ತಿರ ನಿಂತಿತು.

"ಏನಂದೆ?"

"ಕಳ್ಳರ ಹಾಗೆ ಅಂದೆ."

"ಅದಲ್ಲ ಕಣೇ, ಅದಕ್ಕೆ ಮುಂಚೆ!"

"ತೊಲೆ ಮೇಲಿಂದ ಉದುರೋದು ಅಂದೆ. ಯಾಕೆ, ಅದೂ ನನ್ನ ತಪ್ಪೇ?"

ಹರಳಕ್ಕ ಡಬ್ಬಿಯನ್ನು ನೆಲಕ್ಕಿಟ್ಟು ಎದ್ದಳು. ತಲೆಯೆತ್ತಿ ಹೊಸ ಸೂರನ್ನು ನೋಡಿದಳು. ತೊಲೆಯಿಲ್ಲ, ಧೂಳಿಲ್ಲ, ಬಿಳಿಯ ಬಣ್ಣ ಬಳಿದ ಕಬ್ಬಿಣ. "ನಮ್ಮ ಡಬ್ಬಿಗೆ ಉದುರಿದ್ದು ತೊಟ್ಟಿಗೂ ಉದುರ್ತಿತ್ತಲ್ವೇನೇ!" ಎಂದವಳೇ ಕೆಮಿಸ್ಟರ ಕೋಣೆಗೆ ಓಡಿದಳು. ನಾನು ಅಲ್ಲಿ ಕಡತ ಬಿಡಿಸಿಕೊಂಡು ಕೂತಿದ್ದೆ. ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಕಡತ ಕೆಳಗೆ ಬಿತ್ತು.

"ಸಾರ್, ನಮ್ಮ ಹಳೇ ತೊಟ್ಟಿಗೆ ಯಾವಾಗ್ಲೂ ಸೂರಿಂದ ಒಂದೆರಡು ಕಾಳು ಬೀಳ್ತಿತ್ತು. ನಾವು ಹಾಕಿದ್ದಲ್ಲ, ತಾನಾಗೇ ಬೀಳೋದು. ಅದಕ್ಕೇ ಹರಳು ಕಟ್ತಿತ್ತೇನೋ?"

ಕೆಮಿಸ್ಟರು ಹಣೆ ಹಣೆ ಚಚ್ಚಿಕೊಂಡರು. "ಮೊದಲ ಕಾಳು! ಅಯ್ಯೋ ದೇವರೇ, ಓದಿದ್ದೀನಿ ಕಣಮ್ಮ, ಓದಿದ್ದೀನಿ! ಹೈಪೋ ಬಹಳ ಹಟಮಾರಿ, ನೋಡಿಕೊಂಡು ಕಟ್ಟೋಕೆ ಅದರದೇ ಒಂದು ಕಾಳು ಮುಂದಿರಬೇಕು. ಇಪ್ಪತ್ತು ವರ್ಷ ಬಣ್ಣದಲ್ಲಿ ಕಾಳು ಕಟ್ಟದ ಹಾಗೆ ನೋಡಿಕೊಂಡೇ ಸಂಬಳ ತಗೊಂಡೋನು ನಾನು. ಕಟ್ಟಿಸೋದು ಹೇಗೆ ಅನ್ನೋದೇ ಮರೆತುಹೋಯ್ತು! ಬೇಗ, ಒಂದು ಚಿಟಿಕೆ ಹೈಪೋ ತಾ!"

"ಎಲ್ಲಿಂದ?"

ಐವತ್ತು ವರ್ಷದಿಂದ ಹೈಪೋ ಒಂದನ್ನೇ ತಯಾರಿಸಿದ ಕಂಪನಿಯಲ್ಲಿ ಒಂದು ಚಿಟಿಕೆ ಹೈಪೋ ಇರಲಿಲ್ಲ! ಹಳೆಯ ಶೆಡ್ಡಿನ ತೊಲೆಗಳನ್ನು ತೊಳೆದು ಎಂದೋ ಸಾಗಿಸಿಯಾಗಿತ್ತು. ಹದಿನಾಲ್ಕು ಹೆಂಗಸರು ಏಪ್ರನ್ನಿನ ಜೇಬುಗಳನ್ನು ತಿರುವಿ ಒದರಿದರು, ಬೂಟು ಬಿಚ್ಚಿ ಬಡಿದರು, ಡ್ರಮ್ಮಿನ ಸಂದಿಗೆ ಹೇರ್‌ಪಿನ್ನು ಹಾಕಿ ಕೆದಕಿದರು. ಕನ್ನಡಿ ಕನ್ನಡಿ! ಹರಳಕ್ಕ ತೊಳೆಸಿದ ಮೇಲೆ ಮುಗಿಯಿತು.

"ಮಾದರಿ ಸೀಸೆಗಳು?" ಎಂದು ಕೆಮಿಸ್ಟರು ಕೇಳಿದರು.

"ಬಿಸಿನೀರಲ್ಲಿ ಅದ್ದಿ ಅದ್ದಿ ತೊಳೆದೆ ಸಾರ್," ಎಂದಳು ಹರಳಕ್ಕ, ಅಳುವ ದನಿಯಲ್ಲಿ.

"ಕಣ್ಣಿಗೆ ಕಾಣೋದೆಲ್ಲ ತೊಳೆದಿಟ್ಟೆಯಲ್ಲ ಅತ್ತಿಗೆ," ಎಂದಳು ನಾದಿನಿ. "ನಾನು ಒಂದು ಕಡೆ ನಿಂತಿದ್ರೆ ನನ್ನನ್ನೂ ಅದ್ದಿಬಿಡ್ತಿದ್ದೆ."

ಯಾರೂ ನಗಲಿಲ್ಲ. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಬೇರೆ ಊರಿನ ಗಿರಣಿಗೆ ಹೋಗಿ ತರಬೇಕೆಂದರೆ ರಾತ್ರಿಯಾಗುತ್ತದೆ. ಹರಳಕ್ಕ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡಳು. ಕಣ್ಣು ತೆರೆದಾಗ ಅವಳ ಮುಖವೇ ಬೇರೆಯಾಗಿತ್ತು.

"ನಗಿಸ್ವಲ್ಪ ಮಾವ!" ಎಂದಳು. "ಆ ಮನುಷ್ಯ ಹುಟ್ಟಿದಾರಭ್ಯ ಏನನ್ನೂ ಎಸೆದೋನಲ್ಲ. ಸ್ಕೂಟರ್ ತೆಗಿಯೇ!"

ಪೇಟೆಬೀದಿಯ ಸ್ಟುಡಿಯೋದವರಿಗೆ ಊರಿಟ್ಟ ಹೆಸರು ನಗಿಸ್ವಲ್ಪ. ಎಂಬತ್ತು ದಾಟಿದ್ದರು. ಸ್ಟುಡಿಯೋ ಮುಚ್ಚಿ ಹತ್ತು ವರ್ಷವಾಗಿದ್ದರೂ ದಿನಾ ಬಾಗಿಲು ತೆಗೆದು ಕೂರುವರು. ಅಂದು ಅಲ್ಲಿ ನಡೆದದ್ದನ್ನು ನಾದಿನಿ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾಳೆಂದರೆ ನಾನೇ ಕಣ್ಣಾರೆ ಕಂಡಂತಾಗಿಬಿಟ್ಟಿದೆ.

ರಬ್ಬರ್ ಬೂಟು, ಒದ್ದೆ ಏಪ್ರನ್ನು ಹಾಕಿಕೊಂಡೇ ಇಬ್ಬರೂ ಸ್ಕೂಟರಿನಲ್ಲಿ ಪೇಟೆಬೀದಿಯನ್ನು ಸೀಳಿಕೊಂಡು ಹೋದರು. ಸಿಗ್ನಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಮಾಡಿದರೆ ನಾದಿನಿ, "ಹದಿನಾಲ್ಕು ಜನರ ಜೀವ ಅಣ್ಣಾ!" ಎಂದು ಕಿರುಚಿದಳು. ಅವನು ಆಸ್ಪತ್ರೆಯ ವಿಷಯವೆಂದುಕೊಂಡು ದಾರಿಯನ್ನೇ ಬಿಡಿಸಿಕೊಟ್ಟನು.

ವಿಷಯ ಕೇಳಿ ನಗಿಸ್ವಲ್ಪ ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಂಪನಿಯವರು ನನ್ನ ಹತ್ರ ಹೈಪೋ ಕೇಳೋಕೆ ಬಂದ್ರಾ! ನಿಮ್ಮ ದೊಡ್ಡ ಯಜಮಾನ ಇರಬೇಕಿತ್ತು ಇದನ್ನ ನೋಡೋಕೆ." ಆಮೇಲೆ ಕತ್ತಲೆ ಕೋಣೆಗೆ ಹೋಗಿ, ಹತ್ತು ವರ್ಷದ ಸಾಮಾನನ್ನು ಒಂದೊಂದಾಗಿ ಸರಿಸಿ, ಒಂದು ಗಾಜಿನ ಭರಣಿಯನ್ನು ಎತ್ತಿಕೊಂಡು ಬಂದರು. ಅಡಿಯಲ್ಲಿ ಒಂದು ಹಿಡಿಯಷ್ಟು ಬಿಳಿ ಹರಳು! ಮುಚ್ಚಳ ಬಿಗಿಯಾಗಿ ಕಚ್ಚಿಕೊಂಡಿತ್ತು.

"ಕೊಡಿ ಮಾವ, ಕೊಡಿ!"

"ಕೊಡ್ತೀನಿ. ಮರಳಿದೆ ಇದರಲ್ಲಿ, ಆಮೇಲೆ ನನ್ನನ್ನ ಬೈಬೇಡ. ಆದರೆ ನೀನು ಮೊದಲು ಅಲ್ಲಿ ಕೂತ್ಕೋ."

ಅಲ್ಲಿ ಎಂದರೆ ಪರದೆಯ ಮುಂದಿನ ಸ್ಟೂಲು.

"ಈಗಲೇ? ಮಾವ, ಗಂಟೆ ಎರಡೂವರೆ!"

"ನಿನ್ನ ಮದುವೆ ದಿನ ಕರೆದೆ, ಬರ್ತೀನಿ ಅಂದೆ. ಮಗು ಹುಟ್ಟಿದಾಗ ಕರೆದೆ, ತೊಟ್ಟಿಗೆ ಜ್ವರ ಬಂದಿದೆ ಅಂದೆ. ಈ ಊರಿನ ಎಲ್ಲರ ಮುಖಾನೂ ನಿನ್ನ ಹೈಪೋದಲ್ಲಿ ಅದ್ದಿ ಉಳಿಸಿದ್ದೀನಿ, ನಿನ್ನದೊಂದು ಮುಖ ನನ್ನ ಹತ್ರ ಇಲ್ಲ. ಒಂದು ರೋಲು ಫಿಲ್ಮು ಉಳಿದಿದೆ. ಎರಡೇ ನಿಮಿಷ."

"ಕೂತ್ಕೋ ಅತ್ತಿಗೆ," ಎಂದಳು ನಾದಿನಿ. "ವಾದ ಮಾಡಿದ್ರೆ ನಾಲ್ಕಾಗುತ್ತೆ."

ಹರಳಕ್ಕ ಕೂತಳು. ಬೂಟು, ಏಪ್ರನ್ನು, ತೋಳಿನವರೆಗೆ ಮಡಿಸಿದ ರವಿಕೆಯ ಕೈ. ಮಾವನವರು ಕ್ಯಾಮೆರಾದ ಹಿಂದೆ ಬಗ್ಗಿದರು. ಬಗ್ಗಿಯೇ ಇದ್ದರು. ಬಲಕ್ಕೆ ಗಲ್ಲ, ಎಡಕ್ಕೆ ಭುಜ, ಈ ದೀಪ ಸ್ವಲ್ಪ ಹಿಂದೆ. ಅಷ್ಟರಲ್ಲಿ ನಾದಿನಿ ಭರಣಿಯನ್ನು ತೊಡೆಯ ನಡುವೆ ಹಿಡಿದು ಮುಚ್ಚಳವನ್ನು ತಿರುಚುತ್ತಿದ್ದಳು. "ನಗಿ ಸ್ವಲ್ಪ," ಎಂದರು ಮಾವ. ಮುಚ್ಚಳ ಟಪ್ಪೆಂದು ಬಿಟ್ಟಿತು. "ಬಂತು!" ಎಂದಳು ನಾದಿನಿ. ಹರಳಕ್ಕ ಧಡಕ್ಕನೆ ಎದ್ದಳು. ಕ್ಯಾಮೆರಾ ಕ್ಲಿಕ್ ಎಂದಿತು.

"ಹಾಳು ಮಾಡಿದೆ!" ಎಂದು ಮಾವ ಕೂಗುತ್ತಿದ್ದರೂ ಅವಳು ಭರಣಿ ಕಿತ್ತುಕೊಂಡು ಬಾಗಿಲು ದಾಟಿಯಾಗಿತ್ತು. ಮಾವ ಹಿಂದೆಯೇ ಬಂದು ಸ್ಕೂಟರನ್ನು ತಡೆದು, "ಎರಡು ಚಮಚ ನನಗೆ ಬಿಡು. ಆ ಫೋಟೋ ತೊಳೆಯೋಕೆ ನಾನೇನು ಮಾಡ್ಲಿ?" ಎಂದು ಕಾಗದದಲ್ಲಿ ಎರಡು ಚಮಚ ಕಟ್ಟಿಕೊಂಡೇ ಬಿಟ್ಟರು.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರು ಶೆಡ್ಡಿನೊಳಕ್ಕೆ ನುಗ್ಗಿದರು. ಚಿಕ್ಕ ಯಜಮಾನರು ಫೋನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಹರಳಕ್ಕ ಮೊದಲನೆಯ ತೊಟ್ಟಿಯ ಮುಂದೆ ನಿಂತು ಒಂದೇ ಒಂದು ಚಿಟಿಕೆ ತೆಗೆದುಕೊಂಡಳು.

"ಪೂರ್ತಿ ಹಾಕಕ್ಕ!" ಎಂದರು ಯಾರೋ.

"ಸುಮ್ನಿರ್ರೇ," ಎಂದು ಉದುರಿಸಿದಳು.

ಬಿಳಿಯ ಕಾಳುಗಳು ಮಂದ ನೀರಿನಲ್ಲಿ ಮೆಲ್ಲಗೆ ಇಳಿದವು. ಒಂದು ಉಸಿರು. ಎರಡು ಉಸಿರು. ಏನೂ ಆಗಲಿಲ್ಲ. ಆಮೇಲೆ ಒಂದು ಕಾಳಿನ ಸುತ್ತ ಸೂಜಿಯಂಥ ಒಂದು ಗೆರೆ ಹೊರಟಿತು. ಇನ್ನೊಂದು ಗೆರೆ, ಇನ್ನೂ ಹತ್ತು! ನಕ್ಷತ್ರದಂತೆ ಬಿಚ್ಚಿಕೊಂಡ ಗೆರೆಗಳು ಒಂದಕ್ಕೊಂದು ಕೈ ಚಾಚಿದವು. ತಿಳಿನೀರೆಲ್ಲ ನಮ್ಮ ಕಣ್ಣೆದುರಿಗೇ ಹಾಲಿನಂತೆ ಬೆಳ್ಳಗಾಗುತ್ತಾ ಈ ದಡದಿಂದ ಆ ದಡಕ್ಕೆ ಓಡಿತು. ಚಿಟಿಚಿಟಿ ಎಂದು ಸಣ್ಣ ಸದ್ದು. ಹರಳಕ್ಕ ತೊಟ್ಟಿಯ ಮಗ್ಗುಲಿಗೆ ಅಂಗೈ ಒತ್ತಿದಳು. ಮೂರು ದಿನದಿಂದ ಕೇಳದ ಕೂಗು ಶೆಡ್ಡಿನ ಹೊಸ ಗೋಡೆಗಳಿಗೆ ಬಡಿದು ಮರಳಿತು.

"ಜ್ವರ ಬಂತು! ಹುಟ್ಟು ತಗೊಳ್ರೇ!"

ಆಮೇಲಿನದನ್ನು ಹೇಗೆ ಬರೆಯಲಿ? ಹುಟ್ಟು ಹಾಕುವವರು, ಬಕೆಟ್ಟು ಹೊರುವವರು, ಅತ್ತುಕೊಂಡೇ ನಗುವವರು. ಹರಳಕ್ಕ ಮೊದಲ ತೊಟ್ಟಿಯಿಂದ ಒಂದು ಹಿಡಿ ತೆಗೆದು ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಹಾಕುತ್ತಾ ಓಡಿದಳು. ಏಳೂ ತೊಟ್ಟಿಗಳು ಒಂದರ ಹಿಂದೆ ಒಂದರಂತೆ ಬೆಚ್ಚಗಾದವು. ಕೆಮಿಸ್ಟರು ಪ್ರತಿಯೊಂದನ್ನೂ ಮುಟ್ಟಿ, "ನೋಡಿ ಮೇಷ್ಟ್ರೇ, ಮುಟ್ಟಿ ನೋಡಿ!" ಎಂದು ನನ್ನ ಕೈಯನ್ನು ಎಳೆದೆಳೆದು ಇಡಿಸಿದರು. ನಾಲ್ಕು ಗಂಟೆಯ ಸೈರನ್ ಆದದ್ದು ಯಾರ ಗಮನಕ್ಕೂ ಬರಲಿಲ್ಲ.

ಚಿಕ್ಕ ಯಜಮಾನರು ನಿಧಾನವಾಗಿ ಬಂದು ತಾವೂ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಅಪ್ಪ ಹೀಗೇ ಇಟ್ಟು ತೋರಿಸ್ತಿದ್ರು, ನಾನು ಚಿಕ್ಕೋನಿದ್ದಾಗ," ಎಂದರು.

"ಅವರಿಗೆ ಹೇಳಿಕೊಟ್ಟೋಳು ನಾನು," ಎಂದಳು ಹರಳಕ್ಕ, ಹುಟ್ಟು ನಿಲ್ಲಿಸದೆ. "ಆ ಫೋನು ಒಳಗಿಡಿ ಚಿಕ್ಕ ಯಜಮಾನ್ರೇ, ತೊಟ್ಟಿಗೆ ಬಿದ್ದೀತು. ಗೇಟಿನ ಕೆಲಸ ನನಗೆ ಬೇಡ."

"ಬೇಡಕ್ಕ. ಯಾರಿಗೂ ಬೇಡ," ಎಂದು ಅವರು ಫೋನನ್ನು ಜೇಬಿಗೆ ಹಾಕಿಕೊಂಡು, ಏಪ್ರನ್ನು ಕೇಳಿ ಕಟ್ಟಿಕೊಂಡು, ಸಂಜೆಯವರೆಗೆ ಬಕೆಟ್ಟು ಹೊತ್ತರು. ಹದಿನಾಲ್ಕು ಜನರೂ ಮರುದಿನ ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದರು.

ಈಗ ಹೊಸ ಶೆಡ್ಡಿನ ಗೋಡೆಗೆ ಒಂದು ಗೂಡು ಕೊರೆದು ಆ ಗಾಜಿನ ಭರಣಿಯನ್ನು ಇಟ್ಟಿದ್ದಾರೆ. ಪ್ರತಿ ಸಲದ ಹರಳಿನಿಂದ ಒಂದು ಹಿಡಿ ಅದಕ್ಕೆ ಸೇರುತ್ತದೆ, ಮುಂದಿನ ಸಲಕ್ಕೆ ಒಂದು ಚಿಟಿಕೆ ಅದರಿಂದ ಹೋಗುತ್ತದೆ. ಅದರ ಮೇಲೆ ಹರಳಕ್ಕ ತನ್ನ ಕೈಯಾರೆ ಚೀಟಿ ಬರೆದು ಅಂಟಿಸಿದ್ದಾಳೆ: "ಇದನ್ನು ತೊಳೆಯಕೂಡದು." ಅಕ್ಷರ ಏಳನೆಯ ತರಗತಿಯಲ್ಲಿದ್ದಂತೆಯೇ ದುಂಡಗಿದೆ. ಕೆಳಗೆ ಯಾರೋ ಬೇರೆ ಕೈಬರಹದಲ್ಲಿ, "ಅತ್ತಿಗೆ, ನಿನಗೇ ಹೇಳಿದ್ದು" ಎಂದು ಸೇರಿಸಿದ್ದಾರೆ.

ನಗಿಸ್ವಲ್ಪ ಮಾವನವರು ಒಂದು ವಾರದ ಮೇಲೆ ಫೋಟೋ ತಂದರು. ಮುಖ ತಗ್ಗಿಸಿಕೊಂಡೇ ಬಂದರು. "ಅರವತ್ತು ವರ್ಷದಲ್ಲಿ ಇಷ್ಟು ಕೆಟ್ಟ ಫೋಟೋ ತೆಗೆದಿಲ್ಲ," ಎಂದರು. ಸ್ಟೂಲು ಸ್ಪಷ್ಟವಾಗಿತ್ತು, ಬೂಟು ಸ್ಪಷ್ಟವಾಗಿತ್ತು. ಅದರ ಮೇಲೆ ಎದ್ದು ಹೊರಟ ಒಂದು ಆಕಾರ, ಕಣ್ಣು ಮೂಗು ಒಂದಾದ ಮುಖ, ಭರಣಿಯ ಕಡೆಗೆ ಚಾಚಿದ ಒಂದು ಅಂಗೈ.

ಹೆಂಗಸರು ಸುತ್ತ ಮುಗಿಬಿದ್ದು ನೋಡಿದರು. "ಇದು ಯಾರಂತ ಹೇಗೆ ಗೊತ್ತಾಗುತ್ತೆ?" ಎಂದರು ಚಿಕ್ಕ ಯಜಮಾನರು. "ಪುಸ್ತಕದ ಮೊದಲನೇ ಪುಟಕ್ಕೆ ಹಾಕೋಣ ಅಂತಿದ್ದೆ. ಇನ್ನೊಂದು ಸಲ ಕೂರಿಸೋಣ."

"ಯಾಕೆ ಸಾರ್, ಚೆನ್ನಾಗಿದೆಯಲ್ಲ," ಎಂದಳು ನಾದಿನಿ. "ಮೂವತ್ತು ವರ್ಷದಿಂದ ನಾನು ನೋಡಿರೋ ಅತ್ತಿಗೆ ಇದೇ. ಕೂತಿರೋದನ್ನ ಹಾಕಿದ್ರೆ ನನಗೇ ಗುರುತು ಸಿಗಲ್ಲ."

ಹರಳಕ್ಕನನ್ನು ಕೇಳೋಣವೆಂದು ತಿರುಗಿ ನೋಡಿದೆವು. ಅವಳು ಅಲ್ಲಿರಲಿಲ್ಲ. ಐದನೆಯ ತೊಟ್ಟಿಯ ಕಡೆಯಿಂದ ಕೂಗು ಕೇಳಿಸಿತು, ಹೆಂಗಸರೆಲ್ಲ ಫೋಟೋವನ್ನು ನನ್ನ ಕೈಗೆ ತುರುಕಿ ಓಡಿದರು.